ಬೈಪಾಸ್ ಆದ ಹೊಟ್ಟೆಗೆ ಬ್ರೆಡ್ಡು, ರೊಟ್ಟಿ, ಮುದ್ದೆ: ನನ್ನ ಅನುಭವ

ತೂಕ ಇಳಿಸೋ ಬೈಪಾಸ್ ಆಪರೇಷನ್ (ಹೊಟ್ಟೆಯ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ಕರುಳಿಗೆ ಜೋಡಿಸೋದು) ಆದ ಮೇಲೆ ಅಕ್ಕಿ, ರಾಗಿ, ಬ್ರೆಡ್ಡು ಮರೆತುಬಿಡಿ ಅಂದವರೇ ಹೆಚ್ಚು. ಮರೆಯಬೇಕಾಗಿಲ್ಲ. ಧಾನ್ಯ ಯಾವುದು ಅನ್ನೋದಕ್ಕಿಂತ ಅದು ಯಾವ ರೂಪದಲ್ಲಿ, ಯಾವುದರ ಹಿಂದೆ ಹೊಟ್ಟೆಗಿಳಿಯುತ್ತೆ ಅನ್ನೋದು ಮುಖ್ಯ. ಈ ಕ್ರಮ ಹಿಡಿದು ವರ್ಷದ ಮೇಲಾಯ್ತು, ಇಳಿದ ತೂಕ ಮರಳಿಲ್ಲ. ಡಾಕ್ಟರು ಗಟ್ಟಿ ಊಟಕ್ಕೆ ಒಪ್ಪಿದವರಿಗಷ್ಟೇ ಇದು.

ಮೊದಲು ಮುದ್ದೆ. ಹಾಸನದ ಕಡೆ ಮುದ್ದೆಯನ್ನು ಅಗಿಯೋದಿಲ್ಲ, ಸಾರಲ್ಲಿ ಹೊರಳಿಸಿ ನುಂಗುತ್ತೇವೆ. ಸುಮಾರು 30 ಮಿ.ಲೀ. ಹಿಡಿಯುವ ಚೀಲದ ಕಿರಿದಾದ ಬಾಯಿಗೆ ಆ ತುತ್ತು ಬಿರಡೆ ಹಾಕಿದಂತೆ ಕೂರುತ್ತೆ. ಎದೆ ಬಿಗಿಯುತ್ತೆ, ನೊರೆ ನೊರೆ ಜೊಲ್ಲು ಬರುತ್ತೆ, ಆಮೇಲೆ ವಾಂತಿ. ಅಗಿದು ತಿಂದರೂ ಅಂಟು ಹೋಗೋದಿಲ್ಲ. ಸಿಕ್ಕಿಕೊಂಡಾಗ ನೀರು ಕುಡಿದು ತಳ್ಳಬೇಡಿ, ಊಟ ಬಿಟ್ಟು ಮೆಲ್ಲಗೆ ಓಡಾಡಿ. ನೀರೂ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ ಸರ್ಜನ್‌ಗೆ ಫೋನ್ ಮಾಡಿ.

ಬೇಕರಿ ಬ್ರೆಡ್ಡಿನದೂ ಇದೇ ಕಥೆ. ಅಯ್ಯಂಗಾರ್ ಬೇಕರಿಯವರ ಜಿಲ್ಲೆಯಲ್ಲಿದ್ದು ಬ್ರೆಡ್ಡು ಬಿಡೋದು ಕಷ್ಟವೇ. ಆದರೆ ಹಸಿ ಬ್ರೆಡ್ಡು ಜೊಲ್ಲಿಗೆ ಸೇರಿದೊಡನೆ ಮತ್ತೆ ಹಿಟ್ಟಿನುಂಡೆ. ಹೆಚ್ಚು ದುಡ್ಡು ಕೊಟ್ಟು ತಂದ ಬ್ರೌನ್ ಬ್ರೆಡ್ಡೂ ಹಾಗೇ ಅಂಟಿತು. ಎಷ್ಟೋ ಕಡೆ ಅದು ಬಣ್ಣ ಹಾಕಿದ ಮೈದಾ. ಹಿಂದಿನ ದಿನದ ಬ್ರೆಡ್ಡನ್ನು ಸಣ್ಣ ಉರಿಯ ಕಾವಲಿ ಮೇಲೆ ಎರಡು ಸಲ, ನಡುವೆ ಆರಲು ಬಿಟ್ಟು, ಮುರಿದರೆ ಶಬ್ದ ಬರುವಷ್ಟು ಒಣಗಿಸಿ. ಒಂದು ಸ್ಲೈಸಿನಲ್ಲಿ 12-15 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತೆ, ಅರ್ಧ ಸಾಕು.

ನನಗೆ ಒಗ್ಗಿದ್ದು ಅಕ್ಕಿ ರೊಟ್ಟಿ, ಆದರೆ ಚಿಕ್ಕಮಗಳೂರು ಕಡೆಯ ಉಕ್ಕರಿಸಿದ ಹಿಟ್ಟಿನ ಮೆತ್ತನೆ ರೊಟ್ಟಿಯಲ್ಲ. ಎರಡು ದೊಡ್ಡ ಚಮಚ ಅಕ್ಕಿಹಿಟ್ಟು, ಒಂದು ಚಮಚ ಹುರಿಗಡಲೆ ಹಿಟ್ಟು, ಹಿಡಿ ಸಬ್ಬಸಿಗೆ ಸೊಪ್ಪು, ಒಂದು ಮೊಟ್ಟೆಯ ಬಿಳಿ, ಉಪ್ಪು. ಬೇಕಾದರಷ್ಟೇ ನೀರು ಚಿಮುಕಿಸಿ. ಬಾಳೆಲೆ ಮೇಲೆ ಕೈಲಾದಷ್ಟು ತೆಳ್ಳಗೆ ತಟ್ಟಿ. ಕಾವಲಿ ಮೇಲೆ ಬೇಯಿಸುವಾಗ ಮುಚ್ಚಳ ಹಾಕಬೇಡಿ, ಹಬೆಗೆ ಮೆತ್ತಗಾಗುತ್ತೆ. ಅರ್ಧ ರೊಟ್ಟಿಗೆ ಕಾರ್ಬೋಹೈಡ್ರೇಟ್ 10 ಗ್ರಾಂ ಹತ್ತಿರ. ಬಿಳಿ ಸೇರಿದ ಹಿಟ್ಟು ಬಿರಿಯದಂತೆ ತಟ್ಟಲು ಒಂದು ಉಪಾಯ ಇದೆ, ಅದು ಸದ್ಯ ನಮ್ಮ ಅಡುಗೆಮನೆಯಲ್ಲೇ ಇರಲಿ. ರಾಗಿ ಹಿಟ್ಟಲ್ಲೂ ಆಗುತ್ತೆ.

ಎಲೆಯಲ್ಲಿ ಮೊದಲು ಮೊಟ್ಟೆ, ಮೀನು ಅಥವಾ ಪನೀರು, ಆಮೇಲೆ ಪಲ್ಯ, ಜಾಗ ಉಳಿದರೆ ರೊಟ್ಟಿ. ದಿನಕ್ಕೆ 60-80 ಗ್ರಾಂ ಪ್ರೋಟೀನ್ ಸೇರಬೇಕು, ರೊಟ್ಟಿ ಮೊದಲಾದರೆ ಅದಕ್ಕೆ ಜಾಗವೇ ಇರೋದಿಲ್ಲ. ಕಿಲೋ ಡಬ್ಬಿ ಪ್ರೋಟೀನ್ ಪುಡಿಗೆ ಮೂರು ಸಾವಿರದ ಹತ್ತಿರ ಸುರಿಯುತ್ತಿದ್ದೆ. ಮೊಟ್ಟೆ, ಹುರುಳಿಕಾಳಿಗೆ ಬಂದ ಮೇಲೆ ಅದರಲ್ಲಿ ಮುಕ್ಕಾಲು ಪಾಲು ಉಳೀತು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು.

ಕುತೂಹಲಕ್ಕೆ ಅಂಬಲಿಯನ್ನೂ ಗ್ಲುಕೋಮೀಟರ್ (ರಕ್ತದ ಸಕ್ಕರೆ ಅಳೆಯುವ ಯಂತ್ರ) ಇಟ್ಟುಕೊಂಡು ನೋಡಿದೆ. ಸ್ಟ್ರಿಪ್ಪಿಗೇ ಸಾವಿರದಷ್ಟು ಹೋಯಿತು. ಬರೀ ಅಂಬಲಿ ಸಲೀಸಾಗಿ ಇಳಿಯುತ್ತೆ, ಅಪಾಯ ಇರೋದೇ ಅಲ್ಲಿ: ಗಂಟೆಯೊಳಗೆ ಸಕ್ಕರೆ 180 ದಾಟಿ, ಎರಡು ಗಂಟೆಗೆ 60ರ ಆಸುಪಾಸಿಗೆ ಕುಸಿದು ಬೆವರು, ನಡುಕ. ಮೊಟ್ಟೆಯ ಹಿಂದೆ ರೊಟ್ಟಿ ತಿಂದಾಗ ಹೀಗೆ ಕುಸಿಯಲಿಲ್ಲ.

ರಾಗಿ ತಿನ್ನುವವರು ಕಬ್ಬಿಣದ ಮಾತ್ರೆಯನ್ನು ಆ ಊಟದ ಜೊತೆ ನುಂಗಬೇಡಿ, ರಾಗಿಯಲ್ಲಿರುವ ಫೈಟೇಟ್ ಅನ್ನೋ ಅಂಶ ಕಬ್ಬಿಣವನ್ನು ಮೈ ಸರಿಯಾಗಿ ಹೀರಲು ಬಿಡೋದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ. ಕಾಫಿಯನ್ನೂ ಕಬ್ಬಿಣದ ಮಾತ್ರೆಯಿಂದ ದೂರವಿಡಿ.