ಗಾಳಿ ಸೋರುತ್ತಿದ್ದ ಜಾಗ

ಮಾರ್ಚ್ ತಿಂಗಳು. ಸಂಕೇಶ್ವರದಿಂದ ಬೆಳಗಾವಿಗೆ ವಾಪಸ್ ಬರುವಾಗ ವಂಟಮುರಿ ಘಾಟಿನ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆ. ನನ್ನ 1966ರ ಎಂಜಿಬಿಯ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಶಾಖ ತೋರಿಸುವ ಮುಳ್ಳು ಮೇಲೇರಿ, ರೇಡಿಯೇಟರ್ ಮುಚ್ಚಳದಿಂದ ಬುಸ್ಸೆಂದು ಹಬೆ ಬಂತು. ಅದೇ ಕಾರು ಅದೇ ದಿನ ಹೆದ್ದಾರಿಯಲ್ಲಿ 80ರ ವೇಗದಲ್ಲಿ ತಣ್ಣಗೆ ಓಡಿತ್ತು.

ಈ ವ್ಯತ್ಯಾಸದಲ್ಲೇ ಅರ್ಧ ಉತ್ತರವಿತ್ತು. ಜೋರಾಗಿ ಓಡುವಾಗ ಕಾದರೆ ರೇಡಿಯೇಟರ್ ಒಳಗೆ ಕಟ್ಟಿದೆಯೇ, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದೆಯೇ ಎಂದು ನೋಡಬೇಕು. ನಿಧಾನವಾದಾಗ ಮಾತ್ರ ಕಾದರೆ ಮೊದಲ ಅನುಮಾನ ಗಾಳಿಯ ಮೇಲೆ. ಆದರೂ ಸಿಕ್ಕವರೆಲ್ಲ ಹೇಳಿದ್ದು ಒಂದೇ: "ಥರ್ಮೋಸ್ಟಾಟ್ ತಗದ ಒಗೀರಿ." ನಾನು ಒಗೆಯಲಿಲ್ಲ. ಅದು ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ದಾರಿ ಬಿಡುವ ವಾಲ್ವ್; ನನ್ನದು 82 ಡಿಗ್ರಿಗೆ ತೆರೆಯುವಂಥದ್ದು. ಎಂಜಿನ್ ಕಾಯುವ ಹೊತ್ತಿಗೆ ಅದು ಹೇಗೂ ಪೂರ್ತಿ ತೆರೆದೇ ಇರುತ್ತದೆ. ಅದನ್ನು ತೆಗೆದರೆ ಡಿಸೆಂಬರ್ ಬೆಳಗಿನ ಬೆಳಗಾವಿಯ ಚಳಿಯಲ್ಲಿ ಎಂಜಿನ್ ಬಿಸಿಯಾಗಲು ತುಂಬಾ ಹೊತ್ತು ಬೇಕು, ಸವೆತ ಜಾಸ್ತಿ.

ನಾನು ಮಾಡಿದ ತಪ್ಪು ಬೇರೆ. ದೊಡ್ಡದೊಂದು ಎಲೆಕ್ಟ್ರಿಕ್ ಫ್ಯಾನ್ ತಂದು ಕೂಡಿಸಿದೆ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ (ಅರ್ಥಿಂಗ್); ಈಗಿನ ಕಾರುಗಳಲ್ಲಿ ಮೈನಸ್ ತುದಿಯನ್ನು. ಈಗಿನ ಕಾರಿನಂತೆ ವೈರ್ ಜೋಡಿಸಿದ್ದರಿಂದ ಫ್ಯಾನ್ ಉಲ್ಟಾ ತಿರುಗಿ ಗಾಳಿಯನ್ನು ಮುಂದಕ್ಕೆ ತಳ್ಳುತ್ತಿತ್ತು! ವೈರ್ ಅದಲುಬದಲು ಮಾಡಿದ ಮೇಲೂ ಸುಖವಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಲ್ಯೂಕಾಸ್ ಡೈನಮೋ ಪೂರ್ತಿ ತಿರುಗಿದಾಗ ಕೊಡುವುದೇ 22 ಆಂಪಿಯರ್, ಕಾರು ನಿಂತಾಗ ಹೆಚ್ಚುಕಡಿಮೆ ಸೊನ್ನೆ. ಫ್ಯಾನ್ ಬೇಕಾಗುವುದು ಸರಿಯಾಗಿ ಅದೇ ಹೊತ್ತಿಗೆ. ಬ್ಯಾಟರಿ ಇಳಿಯಿತು, ಕಾರು ಕಾದೇ ಕಾಯಿತು.

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದು ಸಣ್ಣ ಮಷಿನ್ ಶಾಪ್. ಪಕ್ಕದ ಫೌಂಡ್ರಿಯ ಹಿರಿಯ ಕಾಕಾ ಒಬ್ಬರು ಬಾನೆಟ್ ಕೆಳಗೆ ಇಣುಕಿ ಅಂದರು: "ತಮ್ಮಾ, ನಮ್ಮ ಭಟ್ಟಿ ಪೈಪ್ ಒಡದಿತ್ತಂದ್ರ ಎಷ್ಟ ದೊಡ್ಡ ಬ್ಲೋವರ್ ಹಚ್ಚಿದ್ರೂ ಬೆಂಕಿ ಏಳೂದಿಲ್ಲ. ನಿನ್ನ ಗಾಳಿ ಎಲ್ಲಿ ಸೋರಾಕತ್ತೇತಿ, ಮೊದಲ ಅದನ್ನ ನೋಡು."

ಎಲೆಕ್ಟ್ರಿಕ್ ಫ್ಯಾನ್ ಬಿಚ್ಚಿ, ಎಂಜಿನ್ ಜೊತೆಗೇ ತಿರುಗುವ ಮೂಲ ಫ್ಯಾನನ್ನೇ ಮತ್ತೆ ಹಾಕಿದೆ. ಕಾರನ್ನು ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು, ಊದಿನಕಡ್ಡಿ ಹಚ್ಚಿ ಗ್ರಿಲ್ ಒಳಗೆ ಹಿಡಿದೆ. ಈ ಕಾರಿನಲ್ಲಿ ರೇಡಿಯೇಟರ್ ಗ್ರಿಲ್‌ನಿಂದ ಸಾಕಷ್ಟು ಹಿಂದೆ, ಒಂದು ಅಡ್ಡ ತಗಡಿಗೆ ಕೂತಿದೆ. ಆ ತಗಡಿನಲ್ಲಿ ಆಯಿಲ್ ಕೂಲರ್ ಪೈಪ್ ಹಾಯುವ ತೂತುಗಳ ರಬ್ಬರ್ ಉದುರಿಹೋಗಿತ್ತು. ಮೇಲಂಚಿನ ಫೋಮ್ ಪಟ್ಟಿ ಪುಡಿಯಾಗಿತ್ತು. ರೇಡಿಯೇಟರ್ ನಡುವೆ ಹಿಡಿದ ಹೊಗೆ ಒಳಗೆ ಹೋಯಿತು, ನಿಜ. ತೂತಿನ ಹತ್ತಿರ ಹಿಡಿದ ಹೊಗೆ ಮಾತ್ರ ನನ್ನ ಮುಖದ ಕಡೆಗೇ ಬಂತು. ಎಂಜಿನ್ ಕಡೆಯ ಬಿಸಿಗಾಳಿ ಆ ಸಂದುಗಳಿಂದ ಮುಂದಕ್ಕೆ ಬಂದು ಮತ್ತೆ ಅದೇ ರೇಡಿಯೇಟರ್ ಒಳಗೆ ಹೋಗುತ್ತಿತ್ತು. ಫ್ಯಾನ್ ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು.

ಆಮೇಲಿನದು ಎರಡು ಭಾನುವಾರದ ಕೆಲಸ. ರೇಡಿಯೇಟರ್ ಫಿನ್‌ಗಳ (ತೆಳು ತಗಡಿನ ಪಟ್ಟಿಗಳ) ಸಂದಿನಲ್ಲಿ ಕಬ್ಬಿನ ರವದಿ ಚೂರು, ಹುಳು, ಕೆಂಪು ಧೂಳು. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆದೆ. ಪ್ರೆಶರ್ ವಾಷರ್ ಹಿಡಿದರೆ ಫಿನ್ ಮಲಗಿಬಿಡುತ್ತವೆ. ಮಡಚಿದ್ದನ್ನು ಒಂದೊಂದಾಗಿ ನೆಟ್ಟಗೆ ಮಾಡಿದೆ. ತೂತುಗಳಿಗೆ ಹೊಸ ರಬ್ಬರ್, ಪಕ್ಕದ ಸಂದುಗಳಿಗೆ ಅಲ್ಯೂಮಿನಿಯಂ ತಗಡು, ಮೇಲಂಚಿಗೆ ನೀರು ಹೀರದ ಫೋಮ್. ಫ್ಯಾನ್ ಸುತ್ತ ತಗಡಿನ ಕವಚವನ್ನು ನಮ್ಮ ಶಾಪಿನಲ್ಲೇ ಬಾಗಿಸಿಕೊಂಡೆ: ರೆಕ್ಕೆಯ ಅರ್ಧ ಅಗಲ ಕವಚದ ಒಳಗೆ, ರೆಕ್ಕೆಯ ತುದಿಗೂ ಕವಚಕ್ಕೂ 25 ಮಿಲಿಮೀಟರ್ ಅಂತರ. ರಬ್ಬರ್ ಮೌಂಟಿಂಗ್ ಮೇಲೆ ಎಂಜಿನ್ ಅಲುಗಾಡುವುದರಿಂದ ಅದಕ್ಕಿಂತ ಹತ್ತಿರ ಒಯ್ಯಲು ಧೈರ್ಯ ಬರಲಿಲ್ಲ. ಗ್ರಿಲ್ ಮುಂದಿನ ಎರಡು ಫಾಗ್ ಲ್ಯಾಂಪ್ ಬಿಚ್ಚಿಟ್ಟೆ. ಚಂದ ಇದ್ದವು, ಆದರೆ ಗಾಳಿಗೆ ಅಡ್ಡ.

ಬಾನೆಟ್ ಹಿಂಭಾಗವನ್ನು ಎತ್ತಿಟ್ಟರೆ ಬಿಸಿ ಹೊರಗೆ ಹೋಗುತ್ತದೆ ಅನ್ನುವವರಿದ್ದಾರೆ. ಗಾಳಿ ಎತ್ತ ಹೋಗುತ್ತದೆ ಎಂದು ತಿಳಿಯಲು ಅಲ್ಲಿ ಉಲನ್ ದಾರದ ತುಂಡುಗಳನ್ನು ಟೇಪಿನಿಂದ ಅಂಟಿಸಿ, ಗೆಳೆಯನನ್ನು ಪಕ್ಕ ಕೂಡಿಸಿಕೊಂಡು ನೋಡಿದೆ. ವೇಗ ಹೆಚ್ಚಿದಂತೆ ಮುಂದಿನ ಗಾಜಿನ ಬುಡದ ದಾರಗಳು ಬಾನೆಟ್ ಸಂದಿನ ಒಳಕ್ಕೆ ಎಳೆದುಕೊಂಡವು. ಗಾಜಿಗೆ ಬಡಿದ ಗಾಳಿಯ ಒತ್ತಡ ಅಲ್ಲಿ ಜಾಸ್ತಿ. ಗಾಳಿ ಅಲ್ಲಿಂದ ಒಳಗೆ ನುಗ್ಗಿದರೆ ರೇಡಿಯೇಟರ್ ದಾಟಿ ಬರುವ ಗಾಳಿಗೇ ಎದುರು ನಿಂತಂತೆ. ಎತ್ತಿಡುವ ವಿಚಾರ ಅಲ್ಲಿಗೇ ಬಿಟ್ಟೆ.

ಅಳತೆಗೆ ಇನ್ಫ್ರಾರೆಡ್ ಥರ್ಮಾಮೀಟರ್ ಬಳಸಿದೆ. ಹೊಳೆಯುವ ಹಿತ್ತಾಳೆಯ ಮೇಲೆ ಅದು ಸುಳ್ಳು ಹೇಳುತ್ತದೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. ಮೊದಲು ಕಾರು ನಿಂತಾಗ ರೇಡಿಯೇಟರಿನ ಮೇಲಿನ ಟ್ಯಾಂಕಿಗೂ ಕೆಳಗಿನ ಟ್ಯಾಂಕಿಗೂ 5 ಡಿಗ್ರಿ ಅಂತರವಿತ್ತು, ಅಂದರೆ ಗಾಳಿ ನೀರಿನ ಬಿಸಿಯನ್ನು ಸಾಕಷ್ಟು ಒಯ್ಯುತ್ತಿರಲಿಲ್ಲ. ಈಗ 13.

ಮೇ ತಿಂಗಳಲ್ಲಿ ಅದೇ ಘಾಟು, ಅದೇ ಮಧ್ಯಾಹ್ನದ ಬಿಸಿಲು, ಮುಂದೆ ತುಂಬಿದ ಲಾರಿ. ಎರಡನೇ ಗೇರಿನಲ್ಲೇ ಮೇಲಕ್ಕೆ ಬಂದೆ. ಮುಳ್ಳು ನಡುವಿಗಿಂತ ತುಸು ಮೇಲೆ ಹೋಗಿ ಅಲ್ಲೇ ನಿಂತಿತು. ಮನೆಗೆ ಬಂದು ಎಂಜಿನ್ ಬಂದ್ ಮಾಡಿದ ಮೇಲೆ ಮಾತ್ರ ಈಗಲೂ ಸ್ವಲ್ಪ ಏರುತ್ತದೆ: ನೀರು ನಿಂತಿರುತ್ತದೆ, ಕಬ್ಬಿಣ ಇನ್ನೂ ಕಾದಿರುತ್ತದೆ. ಹತ್ತು ನಿಮಿಷ ಬಾನೆಟ್ ತೆರೆದಿಟ್ಟು, ಆಮೇಲೆ ಗ್ಯಾರೇಜಿನ ಬಾಗಿಲು ಹಾಕುತ್ತೇನೆ.