ಜರ್ಮನಿಯ ಮೊದಲ ಚಳಿಗಾಲದಲ್ಲಿ ಓಟ ಬಿಡದಿರಲು ಏನು ಮಾಡಬೇಕು?

ಮಲ್ಪೆಯ ಮರಳಿನಲ್ಲಿ, ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ದಿನಾ ಬೆಳಗ್ಗೆ ಓಡುತ್ತಿದ್ದವರು ಓದಲು, ಕೆಲಸಕ್ಕೆ ಎಂದು ಜರ್ಮನಿಗೆ ಹೋಗುತ್ತಾರೆ. ಅಕ್ಟೋಬರ್‌ನಲ್ಲಿ ತಲುಪುತ್ತಾರೆ, ಡಿಸೆಂಬರ್ ಹೊತ್ತಿಗೆ ಓಟ ನಿಂತಿರುತ್ತದೆ. ಇಂಥವರನ್ನು ಜಾಸ್ತಿ ನೋಡಿದ್ದೇನೆ. ನಾನು ಬರ್ಲಿನ್‌ನಲ್ಲಿ ಮೂರು ಚಳಿಗಾಲ ಓಡಿದೆ. ಓಟ ಬಿಟ್ಟವರಲ್ಲಿ ಹೆಚ್ಚಿನವರು ಎಡವಿದ್ದು ಬಟ್ಟೆಯಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಶೂ. ಈಗ ಓಡುತ್ತಿರುವ ಹಳೆಯ ಜೋಡಿಯನ್ನೇ ಬ್ಯಾಗಿಗೆ ಹಾಕಿ. ಹೊಸ ಊರಿನಲ್ಲಿ ಹೊಸ ಶೂ ಬೇಡ.

ಎರಡನೆಯದು ಜಾಗ. ಮನೆ ಹತ್ತಿರದ ಪಾರ್ಕ್, ನದಿ ದಂಡೆ ಹುಡುಕಿ. ಬರ್ಲಿನ್ ಆದರೆ ಟೆಂಪೆಲ್‌ಹೋಫ್‌ಗೆ ಹೋಗಿ. 2008ರವರೆಗೆ ವಿಮಾನ ನಿಲ್ದಾಣವಾಗಿದ್ದ ಜಾಗ ಅದು, 2010ರಿಂದ ಪಾರ್ಕ್. ಒಂದು ಸುತ್ತು ಸುಮಾರು 6 ಕಿಲೋಮೀಟರ್. ಸೂರ್ಯ ಮುಳುಗಿದ ಮೇಲೆ ಗೇಟು ಮುಚ್ಚುತ್ತಾರೆ, ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ 4ಕ್ಕೆ! ಹಾಗಾಗಿ ತಲೆಗೆ ಕಟ್ಟುವ ಲೈಟು, ಹೊಳೆಯುವ ಪಟ್ಟಿಯ ಜಾಕೆಟ್ ಎರಡೂ ಬೇಕು. ಇನ್ನೊಂದು ಮಾತು, ಫುಟ್‌ಪಾತ್ ಪಕ್ಕದ ಕೆಂಪು ದಾರಿ ಸೈಕಲ್‌ನವರದು. ಅದರ ಮೇಲೆ ಓಡಬೇಡಿ. ಫುಟ್‌ಪಾತೇ ಇಲ್ಲದ ಕಡೆ ರಸ್ತೆಯ ಎಡಬದಿಯಲ್ಲಿ ಓಡಿ. ಊರಿನಲ್ಲಿ ಎದುರಿನಿಂದ ಬರುವ ಗಾಡಿ ಕಾಣಲೆಂದು ಬಲಬದಿ ಹಿಡಿಯುತ್ತೇವೆ ಅಲ್ವಾ? ಅಲ್ಲಿ ಗಾಡಿಗಳು ಬಲಕ್ಕೆ ಹೋಗುವುದರಿಂದ ಎಲ್ಲವೂ ತಿರುವುಮುರುವು.

ಈಗ ಬಟ್ಟೆ. ಇಲ್ಲಿ ನಿಧಾನವಾಗಿ ಓದಿ.

ನಮ್ಮದು ಸೆಕೆಯ ಊರು. ಚಳಿ ಎಂದ ತಕ್ಷಣ ಬನಿಯನ್, ಅದರ ಮೇಲೆ ಹತ್ತಿಯ ಟೀ ಶರ್ಟ್, ಸ್ವೆಟರ್, ಕೊನೆಗೆ ದಪ್ಪ ಜಾಕೆಟ್ ಏರಿಸುತ್ತೇವೆ. ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಒಳಗೆ ಮಂಗಳೂರಿನ ಮೇ ತಿಂಗಳು. ಹತ್ತಿ ಬೆವರು ಕುಡಿದು ಒದ್ದೆಯಾಗಿ ಮೈಗೆ ಅಂಟುತ್ತದೆ. ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಸಾಕು, ಆ ಒದ್ದೆಯೇ ಮೈಯ ಬಿಸಿಯನ್ನೆಲ್ಲ ಎಳೆದುಕೊಂಡು ನಡುಕ ಹುಟ್ಟಿಸುತ್ತದೆ. ಮನೆಗೆ ಬಂದು ಮಲಗಿದವರು ಮತ್ತೆ ಶೂ ಮುಟ್ಟುವುದಿಲ್ಲ.

ಲೆಕ್ಕ ಸುಲಭ. ಹೊರಗಿನ ತಾಪಕ್ಕೆ 10 ಡಿಗ್ರಿ ಸೇರಿಸಿ, ಅಷ್ಟು ತಾಪಕ್ಕೆ ಬಟ್ಟೆ ಹಾಕಿ. ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಆಗಲೇಬೇಕು. ಬಾಗಿಲು ದಾಟಿದಾಗಲೇ ಬೆಚ್ಚಗಿದ್ದರೆ ಒಂದು ಪದರ ಜಾಸ್ತಿಯಾಗಿದೆ, ಒಳಗೆ ಹೋಗಿ ಬಿಚ್ಚಿ ಬನ್ನಿ.

5ರಿಂದ 10 ಡಿಗ್ರಿಗೆ ಸಿಂಥೆಟಿಕ್‌ನ ತುಂಬುತೋಳಿನ ಒಂದು ಅಂಗಿ, ಉದ್ದ ಟೈಟ್ಸ್ ಸಾಕು. ಸೊನ್ನೆಯ ಹತ್ತಿರ ಬಂದಾಗ ಗಾಳಿ ತಡೆಯುವ ತೆಳು ಜಾಕೆಟ್, ಕೈಗವಸು, ಕಿವಿಪಟ್ಟಿ ಸೇರಿಸಿ. ಸೊನ್ನೆಗಿಂತ ಕೆಳಗೆ ಇಳಿದರೆ ಒಳಗೆ ಮೆರಿನೋ ಉಣ್ಣೆಯ ಅಂಗಿ ಹಾಕಿ. ಬೆಲೆ ಜಾಸ್ತಿ, ಆದರೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ. ಊರಿನಿಂದ ಹತ್ತಿಯ ಥರ್ಮಲ್ ಕೊಂಡು ಹೋಗಬೇಡಿ, ಅದು ಮಲಗುವಾಗ ಸರಿ. ಮಳೆಗಾಲದ ಪ್ಲಾಸ್ಟಿಕ್ ರೈನ್‌ಕೋಟ್ ಅಂತೂ ಬೇಡವೇ ಬೇಡ, ಬೆವರು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಒಣ ಚಳಿಗಾಳಿಗೆ ನಮ್ಮ ಕರಾವಳಿಯ ಗಂಟಲು ಹೊಂದಿಕೊಳ್ಳುವವರೆಗೆ ಕೆಮ್ಮು ಬರಬಹುದು. ಮೊದಲ ಕೆಲವು ನಿಮಿಷ ತೆಳುಬಟ್ಟೆಯಿಂದ ಬಾಯಿ ಮುಚ್ಚಿಕೊಳ್ಳಿ. ಹೋಗುವಾಗ ಗಾಳಿಗೆ ಎದುರಾಗಿ ಓಡಿ, ಬೆವರಿದ ಮೇಲೆ ಗಾಳಿ ಬೆನ್ನಿಗಿರಲಿ. ಮನೆಗೆ ಬಂದೊಡನೆ, ಫೋನ್ ನೋಡುವ ಮೊದಲು, ಒದ್ದೆ ಬಟ್ಟೆ ಬದಲಿಸಿ.

ಮೆತ್ತನೆಯ ಹೊಸ ಹಿಮದ ಮೇಲೆ ಓಡಬಹುದು. ರಸ್ತೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಮಂಜುಗಡ್ಡೆ, ಅಂದು ನಡೆಯಿರಿ. ಚಳಿಗೆ ಹೆದರಿ ಇಡೀ ಚಳಿಗಾಲ ಟ್ರೆಡ್‌ಮಿಲ್ ಹಿಡಿಯುವುದು ನನಗೆ ಇಷ್ಟವಿಲ್ಲ. ಊರು ಪರಿಚಯವಾಗುವುದೇ ಹೊರಗೆ ಓಡಿದಾಗ.

ಜೊತೆ ಬೇಕಾದರೆ ಪಾರ್ಕ್‌ರನ್. 2004ರಲ್ಲಿ ಲಂಡನ್‌ನ ಬುಶಿ ಪಾರ್ಕ್‌ನಲ್ಲಿ 13 ಓಟಗಾರರಿಂದ ಶುರುವಾದ ಓಟ ಇದು. ಶನಿವಾರ ಬೆಳಗ್ಗೆ 9ಕ್ಕೆ 5 ಕಿಲೋಮೀಟರ್, ಶುಲ್ಕವಿಲ್ಲ. ಬರ್ಲಿನ್‌ನಲ್ಲಿ ಹಾಸೆನ್‌ಹೈಡೆ ಪಾರ್ಕ್‌ನಲ್ಲಿ ನಡೆಯುತ್ತದೆ. ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ಪಡೆದರೆ ಯಾವ ದೇಶದ ಪಾರ್ಕ್‌ರನ್‌ಗೂ ಅದೇ ನಡೆಯುತ್ತದೆ. ಭಾಷೆ ಬರದಿದ್ದರೂ ಸುಮ್ನೆ ಹೋಗಿ ನಿಲ್ಲಿ. ನನ್ನ ಮೊದಲ ಗೆಳೆಯರು ಸಿಕ್ಕಿದ್ದು ಓಟ ಮುಗಿದ ಮೇಲಿನ ಕಾಫಿಯಲ್ಲಿ. ಫೋನ್ ಜೇಬಿನಲ್ಲಿರಲಿ, ತುರ್ತು ಸಂಖ್ಯೆ 112.

ಹಿಮದಲ್ಲಿ ನೆನೆದ ಶೂಗೆ ಜುಲೈಯಲ್ಲಿ ಊರಿನಲ್ಲಿ ಮಾಡುವುದನ್ನೇ ಮಾಡಿ. ಒಳಗೆ ಹಳೆ ಪೇಪರ್ ತುರುಕಿ, ಒಂದು ಗಂಟೆ ಬಿಟ್ಟು ಬದಲಿಸಿ, ರಾತ್ರಿ ಹಾಗೇ ಬಿಡಿ. ಹೀಟರ್ ಮೇಲೆ ಇಡಬೇಡಿ, ಅಂಟು ಬಿಡುತ್ತದೆ.