ಹೊಸಬರಿಗೆ ಮಾರ್ಗದರ್ಶಿ: ಕಾರಿನ ಬಾಗಿಲ ಮೇಲಿನ ಐದು ಬಟನ್

ಡೆಟ್ರಾಯ್ಟ್ ಕಡೆಗೆ ಹೊಸದಾಗಿ ಬಂದವರಿಗೆಲ್ಲ ಕೂಟದ ನಮಸ್ಕಾರ. ಬ್ಯಾಂಕು, ಲೈಸೆನ್ಸು, ಮಕ್ಕಳ ಶಾಲೆ ಇವನ್ನೆಲ್ಲ ನೀವು ಹೇಗೋ ಮಾಡಿಕೊಳ್ಳುತ್ತೀರಿ. ಆಫೀಸಿನವರೂ ಹೇಳಿಕೊಡುತ್ತಾರೆ. ಯಾರೂ ಹೇಳಿಕೊಡದ ಒಂದು ಸಣ್ಣ ವಿಷಯಕ್ಕೆ ಈ ಪುಟ.

ಈ ಊರಲ್ಲಿ ಫೋರ್ಡ್ ಕಾರುಗಳು ಜಾಸ್ತಿ. ಕಂಪನಿಯ ಮುಖ್ಯ ಕಚೇರಿ ಇಲ್ಲೇ ಡಿಯರ್‌ಬಾರ್ನ್‌ನಲ್ಲಿದೆ. ನಮ್ಮವರಲ್ಲಿ ಎಷ್ಟೋ ಜನರ ಅನ್ನ ಅಲ್ಲಿಂದ, ಇಲ್ಲವೇ ಅವರಿಗೆ ಬಿಡಿಭಾಗ ಮಾಡಿಕೊಡುವ ಕಂಪನಿಗಳಿಂದ. ನಿಮ್ಮ ಮೊದಲ ಸೆಕೆಂಡ್ ಹ್ಯಾಂಡ್ ಕಾರೂ ಫೋರ್ಡೇ ಆಗಿದ್ದರೆ ಆಶ್ಚರ್ಯವಿಲ್ಲ. ಡ್ರೈವರ್ ಬಾಗಿಲ ಹತ್ತಿರ ನೋಡಿ, ಐದು ಬಟನ್ ಇವೆಯಾ? 1·2, 3·4, 5·6, 7·8, 9·0 ಅಂತ. ಹೊಸ ಮಾಡೆಲ್‌ಗಳಲ್ಲಿ ಅದು ಬರೀ ಕಪ್ಪು ಪಟ್ಟಿ, ಮುಟ್ಟಿದಾಗ ಮಾತ್ರ ಅಂಕಿ ಬೆಳಗುತ್ತವೆ. ಇದು ಬಾಗಿಲು ತೆಗೆಯುವ ಕೀಪ್ಯಾಡ್. 1980ರ ಮಾಡೆಲ್ ಥಂಡರ್‌ಬರ್ಡ್ ಕಾಲದಿಂದಲೂ ಇದೆ. ನಾನು ಮಾತ್ರ ಕಳ್ಳರ ಅಲಾರಂ ಇರಬೇಕು ಅಂದುಕೊಂಡು ಮುಟ್ಟಿಯೇ ಇರಲಿಲ್ಲ.

ನನಗೆ ಆದದ್ದು

ಬಂದ ಮೊದಲ ಜನವರಿ. ದಿನಸಿ ಅಂಗಡಿಯ ಪಾರ್ಕಿಂಗ್. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಸೋನಾ ಮಸೂರಿ ಚೀಲ. ಚೀಲ ಡಿಕ್ಕಿಗೆ ಹಾಕಿದೆ, ಅದರ ಪಕ್ಕದಲ್ಲೇ ಕೀ ಇಟ್ಟೆ, ಡಿಕ್ಕಿ ಮುಚ್ಚಿದೆ. ನಾಲ್ಕೂ ಬಾಗಿಲು ಲಾಕ್. ಅಂಗಡಿಯೊಳಗೆ ಹೋಗಿ ಒಂದೂವರೆ ಗಂಟೆ ಕಾದ ಮೇಲೆ ಬೀಗ ತೆಗೆಯುವವನು ಬಂದ. ಬಾಗಿಲ ಮೇಲಿನ ಹಿಮವನ್ನು ಕೈಗವಸಿನಿಂದ ಒರೆಸಿ, ಬಟನ್‌ಗಳನ್ನು ತೋರಿಸಿ, ‘ಇದರ ನಂಬರ್ ಇಲ್ವಾ?’ ಅಂದ. ಯಾವ ನಂಬರು? ಅವನು ಬಾಗಿಲು ತೆಗೆದು, ದುಡ್ಡು ತೆಗೆದುಕೊಂಡು ಹೋದ. ಆಮೇಲೆ ಗ್ಲೋವ್ ಬಾಕ್ಸ್‌ನಲ್ಲಿ ಹುಡುಕಿದರೆ, ಕೈಪಿಡಿಯ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಪುಟ್ಟ ಕಾರ್ಡು. ಅದರಲ್ಲಿ ಐದು ಅಂಕಿ. ಅಷ್ಟು ಹೊತ್ತೂ ಉತ್ತರ ಕಾರಿನ ಒಳಗೇ ಕೂತಿತ್ತು! ಎಷ್ಟು ದುಡ್ಡು ಕೊಟ್ಟೆ ಅಂತ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಇಲ್ಲೂ ಹೇಳಲ್ಲ.

ಅದಕ್ಕೇ ಮೊದಲು ಆ ಕಾರ್ಡು ಹುಡುಕಿ. ಸಿಕ್ಕಿದರೆ ಅದನ್ನು ಕಾರಿನಲ್ಲಿ ಇಡಬೇಡಿ, ಮನೆಯಲ್ಲಿ ಪಾಸ್‌ಪೋರ್ಟ್ ಜೊತೆ ಇಡಿ. ಸಿಗದಿದ್ದರೆ ಕಾರಿನ ದಾಖಲೆ ತೆಗೆದುಕೊಂಡು ಡೀಲರ್ ಹತ್ತಿರ ಹೋಗಿ, ಹುಡುಕಿಕೊಡುತ್ತಾರೆ. ನಾಳೆ ನೋಡೋಣ ಅನ್ನಬೇಡಿ. ನಾನೂ ಹಾಗೇ ಅಂದವನು.

ನಿಮ್ಮದೇ ನಂಬರ್ ಹಾಕಿಕೊಳ್ಳಿ

ಕಾರ್ಡಿನಲ್ಲಿರುವುದು ಕಾರ್ಖಾನೆಯ ನಂಬರ್. ಅದನ್ನು ಒತ್ತಿ, ಐದು ಸೆಕೆಂಡಿನೊಳಗೆ 1·2 ಒತ್ತಿ, ನಿಮಗೆ ಬೇಕಾದ ಐದು ಅಂಕಿ ಒತ್ತಿ, ಕೊನೆಗೆ ಮತ್ತೆ 1·2. ಬಾಗಿಲುಗಳು ಒಮ್ಮೆ ಲಾಕ್ ಆಗಿ ತೆರೆದುಕೊಂಡರೆ ಆಯಿತು. ಮಾಡೆಲ್ ಪ್ರಕಾರ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಕೈಪಿಡಿ ನೋಡಿ.

ಹಳೆ ಕಾರು ಕೊಂಡಿದ್ದರೆ ಹಿಂದಿನವರು ಹಾಕಿಟ್ಟ ನಂಬರ್ ಇನ್ನೂ ಅದರಲ್ಲೇ ಇರಬಹುದು. ಅವರು ಒಳ್ಳೆಯವರೇ ಇರಲಿ, ಮೊದಲು ಅಳಿಸಿ. ಕಾರ್ಖಾನೆಯ ನಂಬರ್, ಆಮೇಲೆ 1·2 ಒತ್ತಿ ಬಿಟ್ಟು, ಮತ್ತೆ 1·2 ಅನ್ನು ಎರಡು ಸೆಕೆಂಡ್ ಒತ್ತಿ ಹಿಡಿಯಿರಿ. ಕಾರ್ಖಾನೆಯ ನಂಬರ್ ಮಾತ್ರ ಇದರಿಂದ ಹೋಗುವುದಿಲ್ಲ.

ಈಗ ಸ್ವಲ್ಪ ಬೈಗುಳ. ಬೆಂಗಳೂರಿನವರೆಲ್ಲ ದಯವಿಟ್ಟು 56000 ಹಾಕಬೇಡಿ. ಊರಿನ ಪಿನ್ ಕೋಡ್ ಮೇಲೆ ಪ್ರೀತಿ ಇರಬೇಕು, ಸರಿ. ಆದರೆ ಕೀಪ್ಯಾಡಿನಲ್ಲಿ ಅದು 5·6 ಎರಡು ಸಲ, 9·0 ಮೂರು ಸಲ, ಅಷ್ಟೇ. ಪಕ್ಕದಲ್ಲಿ ನಿಂತವರಿಗೂ ಬಾಯಿಪಾಠ ಆಗುತ್ತದೆ. 12345 ಇನ್ನೂ ಕಳಪೆ. ಒಂದೂ ಎರಡೂ ಒಂದೇ ಬಟನ್, ಮೂರೂ ನಾಲ್ಕೂ ಒಂದೇ ಬಟನ್ ಅನ್ನುವುದು ನೆನಪಿರಲಿ. ಐದು ಅಂಕಿ ಅಂದರೆ ಲಕ್ಷ ನಂಬರ್ ಆಗುತ್ತದೆ ಅನ್ನಿಸುತ್ತದೆ ಅಲ್ವಾ? ಐದೇ ಬಟನ್ ಇರುವುದರಿಂದ ನಿಜಕ್ಕೂ ಇರುವುದು 3,125. ಹಾಗಂತ ಗಾಬರಿ ಬೇಡ. ಏಳು ಸಲ ತಪ್ಪಾದರೆ ಕೀಪ್ಯಾಡ್ ದೀಪ ಮಿನುಗಿಸುತ್ತಾ ಒಂದು ನಿಮಿಷ ಮುಷ್ಕರ ಹೂಡುತ್ತದೆ.

ಇನ್ನೊಂದು. ನಂಬರನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ನಮ್ಮದೇ ಒಂದು ಹಬ್ಬದ ಊಟದ ದಿನ ಒಬ್ಬರು ‘ಪುಳಿಯೋಗರೆ ಟ್ರೇ ನನ್ನ ಡಿಕ್ಕಿಯಲ್ಲಿದೆ, ಯಾರಾದರೂ ತನ್ನಿ’ ಅಂತ ನಂಬರ್ ಸಮೇತ ಕಳಿಸಿದರು. ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಪುಳಿಯೋಗರೆ ಬಂತು, ಅವರು ಮನೆಗೆ ಹೋಗಿ ನಂಬರ್ ಬದಲಿಸಿದರು.

ಯಾವಾಗ ಉಪಯೋಗ

ದೇವಸ್ಥಾನಕ್ಕೆ ಹೋದಾಗ. ಪಂಚೆಗೆ ಜೇಬಿಲ್ಲ, ಸೀರೆಗೂ ಇಲ್ಲ. ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ರದಕ್ಷಿಣೆ ಹಾಕಿ, ನಮಸ್ಕಾರ ಮಾಡುವಾಗ ಟಣ್ ಅಂತ ಬೀಳಿಸಿದವರನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಬೇಸಿಗೆಯಲ್ಲಿ ಕೆನ್ಸಿಂಗ್ಟನ್ ಮೆಟ್ರೋಪಾರ್ಕ್‌ನ ಕೆರೆಗೆ ಇಳಿಯುವಾಗಲೂ ಹೀಗೇ. ಕೀಯನ್ನು ಒಳಗೇ ಬಿಟ್ಟು, ಎಲ್ಲ ಬಾಗಿಲು ಮುಚ್ಚಿ, 7·8 ಮತ್ತು 9·0 ಒಟ್ಟಿಗೆ ಒತ್ತಿ, ಲಾಕ್ ಆಗುತ್ತದೆ. ಜೇಬಲ್ಲಿದ್ದರೆ ಸಾಕು ಅನ್ನುವಂಥ ಕೀ ಇರುವ ಕಾರುಗಳು, ಕೀ ಒಳಗೆ ಉಳಿದಿದೆ ಅಂತ ಗೊತ್ತಾದರೆ ಎರಡು ಸಲ ಹಾರ್ನ್ ಹೊಡೆದು ಬಾಗಿಲು ತೆಗೆದುಬಿಡುತ್ತವೆ. ಕೀಪ್ಯಾಡಿನಿಂದ ಲಾಕ್ ಮಾಡಿದರೆ ಆ ತಕರಾರು ಇಲ್ಲ. ಮೊದಲ ಸಲ ಮಾತ್ರ ಕಿಟಕಿ ಇಳಿಸಿಟ್ಟು ಪರೀಕ್ಷೆ ಮಾಡಿ, ಶೂರತನ ಬೇಡ.

ಗಂಡ ಹೆಂಡತಿಗೆ ಒಂದೇ ಕೀ ಇರುವ ಮನೆಗಳಲ್ಲಿ, ಕನ್ನಡ ಶಾಲೆಯಲ್ಲಿ ಮಗ ಪುಸ್ತಕ ಮರೆತು ಬಂದಾಗ, ಇನ್ನೂ ಎಷ್ಟೋ. ಕಾರು ಸ್ಟಾರ್ಟ್ ಮಾಡಲು ಮಾತ್ರ ಕೀ ಬೇಕೇ ಬೇಕು.

ಬರೆದಿಟ್ಟುಕೊಳ್ಳಿ

- ನಂಬರ್ ಒತ್ತಿದರೆ: ಡ್ರೈವರ್ ಬಾಗಿಲು
- ಐದು ಸೆಕೆಂಡಿನೊಳಗೆ 3·4: ಉಳಿದ ಬಾಗಿಲು
- ಐದು ಸೆಕೆಂಡಿನೊಳಗೆ 5·6: ಡಿಕ್ಕಿ
- ಕೀ ಒಳಗಿನ ಬ್ಯಾಟರಿ ಸತ್ತರೆ: ಕೀಪ್ಯಾಡ್ ನಡೆಯುತ್ತದೆ
- ಕಾರಿನ ಬ್ಯಾಟರಿ ಸತ್ತರೆ: ನಡೆಯುವುದಿಲ್ಲ, ಲೋಹದ ಕೀಯೇ ಗತಿ

ಮಕ್ಕಳು

ಮಗು ಒಳಗೆ ಸಿಕ್ಕಿಕೊಂಡು, ನಂಬರೂ ನೆನಪಿಗೆ ಬರದಿದ್ದರೆ ಸ್ನೇಹಿತರಿಗೆ ಫೋನ್ ಮಾಡುತ್ತಾ ನಿಲ್ಲಬೇಡಿ. ನೇರ 911. ನಾಚಿಕೆ ಬೇಡ. ಎರಡೇ ನಿಮಿಷ ಅಂತ ಮಗುವನ್ನು ಕಾರಲ್ಲಿ ಬಿಟ್ಟು ಅಂಗಡಿಗೆ ಹೋಗುವ ಊರಿನ ಅಭ್ಯಾಸವನ್ನೂ ಬಿಡಿ. ಆರು ವರ್ಷದೊಳಗಿನ ಮಗುವನ್ನು ಅಪಾಯವಾಗುವಷ್ಟು ಹೊತ್ತು ಕಾರಿನಲ್ಲಿ ಒಂಟಿಯಾಗಿ ಬಿಡುವುದು ಮಿಷಿಗನ್‌ನಲ್ಲಿ ಅಪರಾಧ.

ಇಷ್ಟಾದರೂ ತಿಳಿಯದಿದ್ದರೆ ಯುಗಾದಿ ಕಾರ್ಯಕ್ರಮದ ದಿನ ನೋಂದಣಿ ಮೇಜಿನ ಹತ್ತಿರ ಬನ್ನಿ, ಪಾರ್ಕಿಂಗ್‌ಗೇ ಬಂದು ತೋರಿಸುತ್ತೇವೆ. ಕಾರ್ಡು ಮರೆಯಬೇಡಿ. ನೀವು ನಂಬರ್ ಒತ್ತುವಾಗ ನಾವು ಆ ಕಡೆ ತಿರುಗಿ ನಿಲ್ಲುತ್ತೇವೆ.